ಹಗುರ ವಿದ್ಯುತ್ ಡರ್ಟ್ ಬೈಕ್‌ಗಳಿಗೆ ನೋಂದಣಿಯ ದಾರಿ ಸ್ಪಷ್ಟವಾಗಿರಲಿ

ಮಾನ್ಯ ಸಂಪಾದಕರೇ,

ಕಾಡುಹಾದಿ, ಗುಡ್ಡ ಮತ್ತು ಮಣ್ಣಿನ ಟ್ರ್ಯಾಕ್‌ಗಳಲ್ಲಿ ಓಡಿಸಲೆಂದು ತಯಾರಾದ ಹಗುರ ವಿದ್ಯುತ್ ಡರ್ಟ್ ಬೈಕ್‌ಗಳು ಸಾರ್ವಜನಿಕ ರಸ್ತೆಗೆ ಇಳಿಯುತ್ತಿರುವುದರ ಬಗ್ಗೆ ಬರುವ ಬರಹಗಳು ಹೆಚ್ಚಾಗಿ ಎರಡೇ ಮಾತಿನಲ್ಲಿ ಮುಗಿಯುತ್ತವೆ: ಇವು ಅಪಾಯಕಾರಿ, ಇವನ್ನು ಜಪ್ತಿ ಮಾಡಬೇಕು. ನೋಂದಣಿ ಮತ್ತು ವಿಮೆ ಇಲ್ಲದ ವಾಹನ ರಸ್ತೆಯಲ್ಲಿ ಓಡಾಡಕೂಡದು ಎಂಬುದರಲ್ಲಿ ನನಗೆ ಎಳ್ಳಷ್ಟೂ ಭಿನ್ನಾಭಿಪ್ರಾಯವಿಲ್ಲ. ಆದರೆ ವಿದ್ಯುತ್ ದ್ವಿಚಕ್ರ ವಾಹನಗಳ ವೈರಿಂಗ್ ಮತ್ತು ದುರಸ್ತಿಯನ್ನೇ ಕಸುಬಾಗಿಸಿಕೊಂಡಿರುವ ನನಗೆ, ಈ ಚರ್ಚೆಯಲ್ಲಿ ಒಂದು ಮುಖ್ಯ ವ್ಯತ್ಯಾಸ ಮರೆಯಾಗುತ್ತಿರುವಂತೆ ಕಾಣುತ್ತದೆ. ರಸ್ತೆಯ ನಿಯಮಕ್ಕೆ ಬೈಕನ್ನು ಹೊಂದಿಸಲು ಮಾಡುವ ಮಾರ್ಪಾಡು ಬೇರೆ. ಆ ನಿಯಮದಿಂದ ನುಣುಚಿಕೊಳ್ಳಲು ಮಾಡುವ ಮಾರ್ಪಾಡು ಬೇರೆ. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರೆ, ಪ್ರಾಮಾಣಿಕವಾಗಿ ನೋಂದಣಿ ಮಾಡಿಸಲು ಬಯಸುವವನಿಗೆ ದಾರಿಯೇ ಉಳಿಯುವುದಿಲ್ಲ, ಕದ್ದು ಓಡಿಸುವವನಿಗೆ ಅದರಿಂದ ನಷ್ಟವೂ ಆಗುವುದಿಲ್ಲ.

ಈ ಬೈಕ್‌ಗಳು ಸೈಕಲ್ಲಿಗೂ ಮೋಟಾರ್ ಸೈಕಲ್ಲಿಗೂ ನಡುವೆ ನಿಂತಿವೆ. ಸಾಮಾನ್ಯವಾಗಿ 50ರಿಂದ 70 ಕೆ.ಜಿ. ತೂಗುವ ಇವುಗಳಲ್ಲಿ 60 ವೋಲ್ಟ್ ಎಂದು ಕರೆಯಲಾಗುವ ಲಿಥಿಯಂ ಬ್ಯಾಟರಿ ಮತ್ತು ಕೆಲವು ಕಿಲೋವಾಟ್ ಶಕ್ತಿಯ ಮೋಟಾರು ಇರುತ್ತವೆ. ಹಲವು ಮಾದರಿಗಳಲ್ಲಿ ಬ್ರೇಕು ಮತ್ತು ಸಸ್ಪೆನ್ಷನ್ ಬೆಟ್ಟದ ಸೈಕಲ್ಲಿನ ಜಾತಿಯವು. ಸರ್-ರಾನ್ ಕಂಪನಿಯ ಲೈಟ್ ಬೀ ಇದಕ್ಕೆ ಹೆಚ್ಚು ಜನರಿಗೆ ಗೊತ್ತಿರುವ ಉದಾಹರಣೆ. ಅದರಲ್ಲಿ ಮಣ್ಣಿನ ಹಾದಿಗೆ ಮಾತ್ರ ಎಂದು ಮಾರಾಟವಾಗುವ ಆವೃತ್ತಿಯೂ ಇದೆ, ಯುರೋಪಿನಲ್ಲಿ ಗಂಟೆಗೆ 45 ಕಿ.ಮೀ. ಮಿತಿಯೊಡನೆ ರಸ್ತೆಗೆ ಒಪ್ಪಿಗೆ ಪಡೆದ ಆವೃತ್ತಿಯೂ ಇದೆ. ಮೂಲ ವಿನ್ಯಾಸ ಒಂದೇ ಆಗಿದ್ದು, ದೀಪ, ಕನ್ನಡಿ, ವೇಗಮಿತಿ ಮತ್ತು ಕಾಗದಪತ್ರಗಳಲ್ಲಿ ವ್ಯತ್ಯಾಸವಿರುವ ಇಂಥ ಜೋಡಿ ಇರುವುದೇ, ಈ ಬಗೆಯ ವಾಹನವನ್ನು ರಸ್ತೆಗೆ ತಕ್ಕಂತೆ ಮಾಡುವುದು ಅಸಾಧ್ಯವಲ್ಲ ಎಂಬುದಕ್ಕೆ ಸಾಕ್ಷಿ.

ಕಾನೂನು ಗೆರೆ ಎಳೆಯುವುದು ಶಕ್ತಿ ಮತ್ತು ವೇಗದ ಮೇಲೆ. ಭಾರತದ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ, ಮೋಟಾರು ಸತತ 30 ನಿಮಿಷ ಕೊಡಬಲ್ಲ ಶಕ್ತಿ 250 ವ್ಯಾಟ್‌ಗಿಂತ ಕಡಿಮೆಯಿದ್ದು ಗರಿಷ್ಠ ವೇಗ ಗಂಟೆಗೆ 25 ಕಿ.ಮೀ.ಗಿಂತ ಕಡಿಮೆಯಿರುವ ಬ್ಯಾಟರಿ ವಾಹನವನ್ನು, ಪರೀಕ್ಷಾ ಸಂಸ್ಥೆಯ ದೃಢೀಕರಣ ದೊರೆತರೆ, ಮೋಟಾರು ವಾಹನವೆಂದು ಎಣಿಸುವುದಿಲ್ಲ. ಬ್ರಿಟನ್ನಿನಲ್ಲೂ ಯುರೋಪಿನಲ್ಲೂ ಪೆಡಲ್ ನೆರವಿನ ವಿದ್ಯುತ್ ಸೈಕಲ್ಲಿಗೆ 250 ವ್ಯಾಟ್ ಮತ್ತು ಸುಮಾರು 25 ಕಿ.ಮೀ. ಎಂಬ ಗಡಿಯೇ ಇದೆ. ಡರ್ಟ್ ಬೈಕು ಈ ಗಡಿಯನ್ನು ಬಹಳ ಹಿಂದೆ ಬಿಟ್ಟು ಮುಂದೆ ಹೋದ ವಾಹನ. ಅದಕ್ಕೆ ಪೆಡಲ್ ಸಿಕ್ಕಿಸಿ ಸೈಕಲ್ಲು ಎಂದು ಹೇಳಿಕೊಳ್ಳುವುದು ತಪಾಸಣೆಗೆ ನಿಂತವರಿಗೂ ತಮಗೆ ತಾವೂ ಮಾಡಿಕೊಳ್ಳುವ ಮೋಸ.

ಅದರಾಚೆ ಯುರೋಪಿನ 168/2013 ಸಂಖ್ಯೆಯ ನಿಯಮಾವಳಿ ಸಾಕಷ್ಟು ವಿವರವಾಗಿದೆ. ಅದರಲ್ಲಿ ಎಲ್1ಇ-ಬಿ ವರ್ಗದ ಮೊಪೆಡ್‌ಗೆ 45 ಕಿ.ಮೀ. ವೇಗ ಮತ್ತು 4 ಕಿಲೋವಾಟ್ ಮಿತಿ. ಅದಕ್ಕೂ ಮೇಲಿನ ಎಲ್3ಇ-ಎ1 ವರ್ಗದ ಮೋಟಾರ್ ಸೈಕಲ್ಲಿಗೆ 11 ಕಿಲೋವಾಟ್ ಮಿತಿಯ ಜೊತೆಗೆ, ಪ್ರತಿ ಕೆ.ಜಿ. ತೂಕಕ್ಕೆ 0.1 ಕಿಲೋವಾಟ್ ಮೀರಬಾರದೆಂಬ ಷರತ್ತೂ ಇದೆ. ಹಗುರ ಬೈಕಿಗೆ ಈ ಎರಡನೆಯ ಷರತ್ತೇ ಬಿಗಿ. ಲೆಕ್ಕಕ್ಕೆ ಬರುವ ತೂಕ 50 ಕೆ.ಜಿ. ಆಗಿದ್ದರೆ ಅಲ್ಲಿ ದಕ್ಕುವುದು 5 ಕಿಲೋವಾಟ್ ಮಾತ್ರ; ಮಣ್ಣಿನಲ್ಲಿ ವರವಾಗುವ ಹಗುರತನ ನೋಂದಣಿಯ ಮೇಜಿನ ಮೇಲೆ ತೊಡಕಾಗುತ್ತದೆ. ಜೊತೆಗೆ, ಮಾರಾಟಗಾರರು ಜಾಹೀರಾತಿನಲ್ಲಿ ಹೇಳುವುದು ಕೆಲವು ಸೆಕೆಂಡುಗಳ ಗರಿಷ್ಠ ಶಕ್ತಿಯನ್ನು; ಕಾನೂನು ಕೇಳುವುದು ಮೋಟಾರು ಸುಡದೆ ನಿರಂತರವಾಗಿ ಕೊಡಬಲ್ಲ ಶಕ್ತಿಯನ್ನು. ಈ ಎರಡು ಅಂಕಿಗಳ ಅಂತರ ತಿಳಿಯದೆ ಅರ್ಜಿ ತುಂಬಿದವರು, ತಮ್ಮ ಬೈಕು ಯಾವ ವರ್ಗಕ್ಕೆ ಸೇರುತ್ತದೆ ಎಂಬಲ್ಲೇ ಎಡವುತ್ತಾರೆ.

ಈಗ ರಸ್ತೆಗೆ ಹೊಂದಿಸುವ ಕೆಲಸದ ಬಗ್ಗೆ. ಹೆಡ್‌ಲೈಟು, ಹಿಂದಿನ ಕೆಂಪು ದೀಪ, ಬ್ರೇಕ್ ಲೈಟು, ನಾಲ್ಕು ಇಂಡಿಕೇಟರು, ಹಾರ್ನು, ಕನ್ನಡಿ, ರಿಫ್ಲೆಕ್ಟರು, ನಂಬರ್ ಪ್ಲೇಟಿನ ದೀಪ, ಸ್ಪೀಡೋಮೀಟರು: ಪಟ್ಟಿ ಓದಿದರೆ ಅರ್ಧ ದಿನದ ಕೆಲಸ ಎನಿಸುತ್ತದೆ. ಕೈ ಹಾಕಿದಾಗಲೇ ಅದರ ಆಳ ಗೊತ್ತಾಗುವುದು. ಬ್ರೇಕ್ ಲೈಟನ್ನೇ ತೆಗೆದುಕೊಳ್ಳಿ. ಮುಂದಿನ ಮತ್ತು ಹಿಂದಿನ ಯಾವ ಬ್ರೇಕು ಹಿಡಿದರೂ ದೀಪ ಹೊತ್ತಬೇಕು. ಮೋಟಾರ್ ಸೈಕಲ್ಲಿನಲ್ಲಾದರೆ ಬ್ರೇಕ್ ಹೋಸಿನ (ಬ್ರೇಕ್ ದ್ರವದ ಕೊಳವೆಯ) ಬೋಲ್ಟಿನಲ್ಲೇ ಒತ್ತಡದ ಸ್ವಿಚ್ಚು ಕೂರಿಸಬಹುದು. ಸೈಕಲ್ ಜಾತಿಯ ಹೈಡ್ರಾಲಿಕ್ ಬ್ರೇಕಿನ ಸಣ್ಣ ಹೋಸಿಗೆ ಅದು ಕೂರುವುದಿಲ್ಲ. ಹಾಗಾಗಿ ಲಿವರಿನ ಬುಡದಲ್ಲಿ ಅಯಸ್ಕಾಂತದ ಸೆನ್ಸರು ಹಾಕಬೇಕು, ಇಲ್ಲವೇ ಬ್ರೇಕ್ ಹಿಡಿದಾಗ ಮೋಟಾರು ನಿಲ್ಲಿಸಲು ಕಂಟ್ರೋಲರಿಗೆ (ಮೋಟಾರಿಗೆ ಹೋಗುವ ಕರೆಂಟನ್ನು ನಿಯಂತ್ರಿಸುವ ಘಟಕಕ್ಕೆ) ಹೋಗುವ ಸಂಕೇತವನ್ನೇ ರಿಲೇ ಎಂಬ ವಿದ್ಯುತ್ ಸ್ವಿಚ್ಚಿನ ಮೂಲಕ ಬಳಸಿಕೊಳ್ಳಬೇಕು. ಆ ಸಣ್ಣ ಸಂಕೇತದ ತಂತಿಗೆ ನೇರವಾಗಿ ದೀಪ ಜೋಡಿಸಿದವರ ಬೈಕುಗಳು ನನ್ನ ಮುಂದೆ ಬಂದಿವೆ. ದೀಪವೇನೋ ಹೊತ್ತುತ್ತಿತ್ತು, ಆದರೆ ಬ್ರೇಕ್ ಹಿಡಿದಾಗ ಮೋಟಾರು ಪೂರ್ತಿ ನಿಲ್ಲುತ್ತಿರಲಿಲ್ಲ. ನೋಡುವವರ ಕಣ್ಣಿಗೆ ಎಲ್ಲವೂ ಸರಿಯಾಗಿಯೇ ಇದ್ದ ಆ ಬೈಕು ಮೊದಲಿಗಿಂತ ಹೆಚ್ಚು ಅಪಾಯಕಾರಿಯಾಗಿತ್ತು.

ದೀಪಗಳಿಗೆ 12 ವೋಲ್ಟ್ ಬೇಕು, ಬ್ಯಾಟರಿ ಕೊಡುವುದು ಅದರ ಐದು ಪಟ್ಟು. ನಡುವೆ ವೋಲ್ಟೇಜು ಇಳಿಸುವ ಒಂದು ಡಿಸಿ ಕನ್ವರ್ಟರು ಇರಲೇಬೇಕು. ಹೆಡ್‌ಲೈಟು, ಇಂಡಿಕೇಟರು, ಹಾರ್ನು ಮೂರೂ ಒಟ್ಟಿಗೆ ಕೇಳುವ ಕರೆಂಟನ್ನು ಕೂಡಿ, ಅದಕ್ಕಿಂತ ಸಾಕಷ್ಟು ಹೆಚ್ಚಿನ ಸಾಮರ್ಥ್ಯದ ಕನ್ವರ್ಟರನ್ನು ಆರಿಸಬೇಕು. ಬೈಕಿನಲ್ಲಿ ಮೊದಲೇ ಇರುವ ಚಿಕ್ಕ ಕನ್ವರ್ಟರು ಒಂದು ದೀಪಕ್ಕೆಂದು ಲೆಕ್ಕ ಹಾಕಿದ್ದಾದರೆ, ಹಾರ್ನು ಒತ್ತಿದ ಕೂಡಲೇ ಹೆಡ್‌ಲೈಟು ಮಂಕಾಗುತ್ತದೆ. ಫ್ಯೂಸು ಬ್ಯಾಟರಿಯ ಹತ್ತಿರದಲ್ಲೇ ಇರಬೇಕು. ಹ್ಯಾಂಡಲನ್ನು ಎರಡೂ ಕಡೆಗೆ ಪೂರ್ತಿ ತಿರುಗಿಸಿ, ಫ್ರೇಮಿನ ಕುತ್ತಿಗೆಯ ಬಳಿ ಯಾವ ತಂತಿಯೂ ಬಿಗಿಯುವುದಿಲ್ಲ, ಉಜ್ಜುವುದಿಲ್ಲ ಎಂದು ನೋಡಿಕೊಳ್ಳಬೇಕು. ಡರ್ಟ್ ಬೈಕಿನ ಉದ್ದನೆಯ ಪ್ಲಾಸ್ಟಿಕ್ ಹಿಂಬದಿ ಮಡ್‌ಗಾರ್ಡಿಗೆ ನಂಬರ್ ಪ್ಲೇಟನ್ನೂ ದೀಪವನ್ನೂ ಹಾಗೆಯೇ ತಗುಲಿಸಿದರೆ ಅಲುಗಾಟಕ್ಕೆ ಅದು ಬಿರುಕು ಬಿಡುತ್ತದೆ. ಒಳಗಿನಿಂದ ಲೋಹದ ಪಟ್ಟಿ ಕೊಟ್ಟು ಫ್ರೇಮಿಗೆ ಕಟ್ಟಬೇಕು. ಇಂಡಿಕೇಟರು ನಿಮಿಷಕ್ಕೆ 60ರಿಂದ 120 ಬಾರಿ ಮಿನುಗಬೇಕೆಂಬ ನಿಯಮವಿದೆ. ಇಂಡಿಕೇಟರನ್ನು ಮಿನುಗಿಸುವ ಹಳೆಯ ಫ್ಲ್ಯಾಶರಿಗೆ ಎಲ್‌ಇಡಿ ಜೋಡಿಸಿದರೆ ಅದು ವಿಪರೀತ ವೇಗವಾಗಿ ಮಿನುಗಿ ತಪಾಸಣೆಯಲ್ಲಿ ಬಿದ್ದುಹೋಗುತ್ತದೆ.

ಟಯರಿನ ವಿಷಯ ಇನ್ನೂ ಗಂಭೀರ. ಗಡ್ಡೆಗಡ್ಡೆಯ ಮಣ್ಣಿನ ಟಯರು ಒದ್ದೆ ಡಾಂಬರಿನ ಮೇಲೆ ಆ ಗಡ್ಡೆಗಳ ತುದಿಯಷ್ಟನ್ನೇ ಊರಿ ನಿಲ್ಲುತ್ತದೆ, ಬ್ರೇಕ್ ಹಿಡಿದಾಗ ಗಡ್ಡೆಗಳು ಬಾಗುತ್ತವೆ. ಅಂಥ ಹಲವು ಟಯರುಗಳ ಬದಿಯಲ್ಲೇ ಹೆದ್ದಾರಿಯ ಬಳಕೆಗಲ್ಲ ಎಂದು ಅಚ್ಚೊತ್ತಿರುತ್ತದೆ. ರಸ್ತೆಗೆ ಒಪ್ಪಿಗೆ ಪಡೆದ ಟಯರಿನ ಮೇಲೂ ದೀಪದ ಗಾಜಿನ ಮೇಲೂ, ವಿಶ್ವಸಂಸ್ಥೆಯ ವಾಹನ ನಿಯಮಗಳನ್ನು ಪಾಲಿಸುವ ದೇಶಗಳಲ್ಲಿ, ವೃತ್ತದೊಳಗೆ ಇಂಗ್ಲಿಷಿನ E ಅಕ್ಷರ ಮತ್ತು ಒಪ್ಪಿಗೆ ನೀಡಿದ ದೇಶದ ಸಂಖ್ಯೆ ಇರುತ್ತದೆ. 1 ಎಂದರೆ ಜರ್ಮನಿ, 4 ಎಂದರೆ ನೆದರ್ಲೆಂಡ್ಸ್. ಆ ಗುರುತಿಲ್ಲದ, ಎದುರಿನವರ ಕಣ್ಣು ಕುಕ್ಕುವ ಎಲ್‌ಇಡಿ ಪಟ್ಟಿಯನ್ನು ಹೆಡ್‌ಲೈಟಿನ ಜಾಗದಲ್ಲಿ ಕೂರಿಸಿ ನೋಂದಣಿಗೆ ತರುವುದು ವ್ಯರ್ಥ ಶ್ರಮ. ಟಯರಿಗಾಗಿ ಚಿಕ್ಕ ಚಕ್ರ ಹಾಕಿದರೆ ಸ್ಪೀಡೋಮೀಟರಿನ ಲೆಕ್ಕವೂ ತಪ್ಪುತ್ತದೆ, ಅದನ್ನು ಮತ್ತೆ ಹೊಂದಿಸಬೇಕು. ಮೀಟರು ನಿಜವಾದ ವೇಗಕ್ಕಿಂತ ಕಡಿಮೆ ತೋರಿಸುವಂತಿಲ್ಲ.

ಇವೆಲ್ಲ ಬೈಕನ್ನು ರಸ್ತೆಯ ಕಡೆಗೆ ತರುವ ಮಾರ್ಪಾಡುಗಳು. ಇನ್ನೊಂದು ಬಗೆಯವು ಹೆಚ್ಚು ಜನಪ್ರಿಯ ಎಂಬುದು ನನ್ನ ಕಸುಬಿನವರೆಲ್ಲರಿಗೂ ಗೊತ್ತು. ವೇಗಮಿತಿಯ ತಂತಿಯನ್ನು ಕತ್ತರಿಸುವುದು, ಕಂಟ್ರೋಲರು ಬದಲಿಸಿ ಕರೆಂಟು ಏರಿಸುವುದು, 60 ವೋಲ್ಟಿನ ಜಾಗಕ್ಕೆ 72 ವೋಲ್ಟಿನ ಬ್ಯಾಟರಿ ತುರುಕುವುದು. ಮೋಟಾರಿನ ವೇಗ ವೋಲ್ಟೇಜಿಗೆ ಅನುಗುಣವಾಗಿ ಏರುವುದರಿಂದ ಈ ಕೊನೆಯದೊಂದರಿಂದಲೇ ಗರಿಷ್ಠ ವೇಗ ಸುಮಾರು 20 ಪ್ರತಿಶತ ಹೆಚ್ಚುತ್ತದೆ. ಗಂಟೆಗೆ 45 ಕಿ.ಮೀ. ಎಂದು ನೋಂದಣಿಯಾದ ಬೈಕು 75ರಲ್ಲಿ ಓಡಿದರೆ ಬ್ರೇಕು ತಡೆಯಬೇಕಾದ ಚಲನಶಕ್ತಿ ಹೆಚ್ಚುಕಡಿಮೆ 2.8 ಪಟ್ಟಾಗುತ್ತದೆ, ಬ್ರೇಕು, ಚಕ್ರದ ಕಡ್ಡಿಗಳು, ಮುಂದಿನ ಫೋರ್ಕು ಎಲ್ಲವೂ ಮೊದಲಿದ್ದವೇ ಆಗಿರುತ್ತವೆ. ಬ್ಯಾಟರಿಯ ಮಾತಂತೂ ಹಗುರವಾಗಿ ಆಡುವಂಥದ್ದಲ್ಲ. ಸರಣಿಯಲ್ಲಿ 16 ಕೋಶಗಳಿರುವ, 60 ವೋಲ್ಟಿನದೆಂದು ಕರೆಯುವ ಪ್ಯಾಕು ಪೂರ್ತಿ ಚಾರ್ಜ್ ಆದಾಗ 67.2 ವೋಲ್ಟ್ ಇರುತ್ತದೆ, 20 ಕೋಶಗಳ 72 ವೋಲ್ಟಿನ ಪ್ಯಾಕು 84 ಮುಟ್ಟುತ್ತದೆ. ಅಷ್ಟು ವೋಲ್ಟೇಜಿಗೆ ತಯಾರಾಗದ ಕಂಟ್ರೋಲರು, ಕನೆಕ್ಟರು ಮತ್ತು ಚಾರ್ಜರು ಅದರ ಜೊತೆಗಿದ್ದರೆ ಏನಾಗಬಹುದೆಂದು ಬಿಡಿಸಿ ಹೇಳಬೇಕಿಲ್ಲ. ಭಾರತದಲ್ಲಿ 2022ರಲ್ಲಿ ವಿದ್ಯುತ್ ಸ್ಕೂಟರುಗಳಿಗೆ ಬೆಂಕಿ ಹತ್ತಿದ ಘಟನೆಗಳ ನಂತರ ಎಐಎಸ್-156 ಎಂಬ ಬ್ಯಾಟರಿ ಸುರಕ್ಷತಾ ಮಾನದಂಡವನ್ನು ಬಿಗಿಗೊಳಿಸಿ, ಆ ವರ್ಷದ ಡಿಸೆಂಬರಿನಿಂದ ಹಂತಹಂತವಾಗಿ ಜಾರಿಗೆ ತಂದದ್ದು ಸುಮ್ಮನೆ ಅಲ್ಲ. ಪರೀಕ್ಷೆಗೆ ಒಳಗಾದ ಪ್ಯಾಕನ್ನು ತೆಗೆದು ಕೈಯಲ್ಲಿ ಕಟ್ಟಿದ ಪ್ಯಾಕನ್ನು ಇಟ್ಟವರು ಆ ಸುರಕ್ಷತೆಯನ್ನೆಲ್ಲ ಕಿತ್ತು ಬಿಸಾಡಿದಂತೆಯೇ. ಇಂಥ ಬೈಕುಗಳನ್ನು ರಸ್ತೆಯಲ್ಲಿ ತಡೆಯುವ ಪೊಲೀಸರ ಪರವಾಗಿಯೇ ನಾನಿದ್ದೇನೆ.

ನನ್ನ ಆಕ್ಷೇಪವಿರುವುದು ಮೊದಲ ಬಗೆಯ ಮಾಲೀಕರನ್ನು ವ್ಯವಸ್ಥೆ ನಡೆಸಿಕೊಳ್ಳುವ ಬಗೆಗೆ. ಎಲ್ಲ ಕೆಲಸ ಅಚ್ಚುಕಟ್ಟಾಗಿ ಮುಗಿಸಿದ ಮೇಲೂ ಅವರು ಎಡವುವುದು ಕಾಗದದಲ್ಲಿ. ತಯಾರಕರ ಪ್ರಮಾಣಪತ್ರದಲ್ಲಿ ರಸ್ತೆಯ ಬಳಕೆಗಲ್ಲ ಎಂಬ ಒಂದು ಸಾಲಿದ್ದರೆ, ಅಥವಾ ಫ್ರೇಮಿನ ಕುತ್ತಿಗೆಯ ಮೇಲೆ ನಿಯಮದಂತೆ 17 ಅಂಕಿ-ಅಕ್ಷರಗಳ ಚಾಸಿಸ್ ಸಂಖ್ಯೆ ಇಲ್ಲದಿದ್ದರೆ, ಅರ್ಜಿ ಅಲ್ಲಿಗೇ ನಿಂತುಹೋಗುತ್ತದೆ. ಬ್ರಿಟನ್ನಿನಲ್ಲಿ ಹೀಗೆ ಒಂದೊಂದಾಗಿ ಒಪ್ಪಿಗೆ ಪಡೆಯಬೇಕಾದ ವಾಹನಗಳಿಗೆಂದೇ ಪ್ರತ್ಯೇಕ ಒಪ್ಪಿಗೆ ಪರೀಕ್ಷೆಯಿದೆ. ಮಾಲೀಕ ಬೈಕನ್ನು ಕೇಂದ್ರಕ್ಕೆ ತರುತ್ತಾನೆ, ಪರೀಕ್ಷಕರು ದೀಪ, ಬ್ರೇಕು, ಕನ್ನಡಿ, ಮೀಟರು ಒಂದೊಂದನ್ನೂ ನೋಡಿ ತೇರ್ಗಡೆ ಮಾಡುತ್ತಾರೆ ಅಥವಾ ಕೊರತೆಯನ್ನು ಬರೆದುಕೊಡುತ್ತಾರೆ. ಭಾರತದಲ್ಲಿ 1988ರ ಮೋಟಾರು ವಾಹನ ಕಾಯ್ದೆಯ 52ನೇ ವಿಧಿ, ತಯಾರಕರು ನಮೂದಿಸಿದ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಬದಲಿಸುವುದನ್ನು ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಕಟ್ಟುನಿಟ್ಟಾಗಿಯೇ ಅರ್ಥೈಸಿತು. ನೋಂದಣಿಯಾದ ವಾಹನವನ್ನು ಆಮೇಲೆ ಮನಬಂದಂತೆ ಬದಲಿಸುವವರಿಗೆ ಈ ಕಟ್ಟುನಿಟ್ಟು ಸರಿಯಾದದ್ದೇ. ಆದರೆ ಇನ್ನೂ ನೋಂದಣಿಯನ್ನೇ ಕಾಣದ ಬೈಕಿಗೆ ದೀಪ, ಕನ್ನಡಿ, ಟಯರು ಸೇರಿಸಿ ಅದನ್ನು ಹೆಚ್ಚು ಸುರಕ್ಷಿತಗೊಳಿಸಿದ ವ್ಯಕ್ತಿಯನ್ನೂ ಅದೇ ಸಾಲಿನಲ್ಲಿ ನಿಲ್ಲಿಸುವುದು ಕಾನೂನಿನ ಉದ್ದೇಶವಾಗಿರಲಾರದು.

ಇಂಥ ಮಾಲೀಕನಿಗೆ ಬೇಕಾಗಿರುವುದು ರಿಯಾಯಿತಿಯಲ್ಲ. ವರ್ಗ ಯಾವುದು, ನಿರಂತರ ಶಕ್ತಿಯನ್ನು ಯಾರು ಅಳೆದುಕೊಡುತ್ತಾರೆ, ಯಾವ ಯಾವ ಭಾಗಕ್ಕೆ ಯಾವ ಗುರುತಿರಬೇಕು, ಚಾಸಿಸ್ ಸಂಖ್ಯೆ ಇಲ್ಲದಿದ್ದರೆ ಅದನ್ನು ಕೊಡುವ ಅಧಿಕಾರ ಯಾರದು ಎಂಬ ಪ್ರಶ್ನೆಗಳಿಗೆ ಅರ್ಜಿ ಹಾಕುವ ಮೊದಲೇ ಲಿಖಿತ ಉತ್ತರ ಸಿಗಬೇಕು. ಆ ಉತ್ತರ ‘ನೋಂದಣಿ ಆಗುವುದಿಲ್ಲ’ ಎಂದಾದರೂ ಸರಿಯೇ. ಅದು ಬೈಕು ಕೊಳ್ಳುವ ಮೊದಲೇ ಗೊತ್ತಾಗಬೇಕು, ಮಾರಾಟಗಾರರು ಅದನ್ನು ರಸೀದಿಯ ಮೇಲೆ ಬರೆದುಕೊಡಬೇಕು. ಮಣ್ಣಿನ ಹಾದಿಗೆ ಮಾತ್ರ ಎಂಬ ಮಾತನ್ನು ಸಣ್ಣಕ್ಷರದಲ್ಲಿ ಅಡಗಿಸಿಟ್ಟು, ರಸ್ತೆಯಲ್ಲಿ ಓಡುವ ಚಿತ್ರವನ್ನೇ ಜಾಹೀರಾತಿನಲ್ಲಿ ದೊಡ್ಡದಾಗಿ ತೋರಿಸುವುದು ನಿಲ್ಲಬೇಕು.

ನೋಂದಣಿ ಕೊಟ್ಟ ಮೇಲೆ ಮಾಲೀಕ ವೇಗಮಿತಿಯನ್ನು ಕಿತ್ತುಹಾಕಿದರೆ ಏನು ಮಾಡುವುದು ಎಂದು ಸಾರಿಗೆ ಅಧಿಕಾರಿಗಳು ಕೇಳಬಹುದು, ಅದು ನ್ಯಾಯವಾದ ಪ್ರಶ್ನೆ. ಒಪ್ಪಿಗೆಯ ಪರೀಕ್ಷೆಯ ದಿನವೇ ಕಂಟ್ರೋಲರಿನ ಗುರುತು ಸಂಖ್ಯೆ, ಬ್ಯಾಟರಿಯ ಸಂಖ್ಯೆ ಮತ್ತು ವೋಲ್ಟೇಜು, ಹಿಂದಿನ ಸ್ಪ್ರಾಕೆಟ್ಟಿನ (ಚೈನು ಸುತ್ತುವ ಹಲ್ಲಿನ ಚಕ್ರದ) ಹಲ್ಲುಗಳ ಎಣಿಕೆ, ಟಯರಿನ ಅಳತೆ ಇಷ್ಟನ್ನು ದಾಖಲಿಸಿ, ಕಂಟ್ರೋಲರಿನ ಮುಚ್ಚಳಕ್ಕೂ ವೇಗಮಿತಿಯ ಕನೆಕ್ಟರಿಗೂ ಮುದ್ರೆ ಹಾಕಿದರೆ, ರಸ್ತೆಯಲ್ಲಿ ತಪಾಸಣೆ ಮಾಡುವವರಿಗೆ ಕೆಲವೇ ನಿಮಿಷಗಳಲ್ಲಿ ಸತ್ಯ ತಿಳಿಯುತ್ತದೆ. ಮುದ್ರೆ ಒಡೆದಿದ್ದರೆ ನೋಂದಣಿ ರದ್ದಾಗಲಿ. ಈ ದಾಖಲೆಯ ನಮೂನೆಯನ್ನು ಸಿದ್ಧಪಡಿಸಲು ದೊಡ್ಡ ಸಮಿತಿಯೇನೂ ಬೇಕಿಲ್ಲ, ಒಂದು ಪುಟ ಸಾಕು. ಅಧಿಕಾರಿಗಳು ಇದನ್ನು ಪರಿಗಣಿಸಲಿ ಎಂದು ಕೋರುತ್ತೇನೆ. ಮುಂದೆ ಇಂಥ ಬೈಕುಗಳ ಜಪ್ತಿಯ ಸುದ್ದಿ ಬರೆಯುವಾಗ, ಮಾಲೀಕರು ನೋಂದಣಿಗೆ ಯತ್ನಿಸಿದ್ದರೇ, ಯತ್ನಿಸಿದ್ದರೆ ಯಾವ ಕಾರಣಕ್ಕೆ ನಿರಾಕರಣೆಯಾಯಿತು ಎಂಬುದನ್ನೂ ತಮ್ಮ ವರದಿಗಾರರು ಕೇಳಿ ಪ್ರಕಟಿಸಬೇಕೆಂದು ವಿನಂತಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಪತ್ರಿಕೆಯ ಓದುಗ, ವಿದ್ಯುತ್ ವಾಹನ ತಂತ್ರಜ್ಞ