ಎಸಿ ಜಾಲರಿ ತೊಳೆದ ತಾರೀಖು ಬರೆದಿಡಿ

ಮಾನ್ಯ ಸಂಪಾದಕರೇ,

ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿ ನಮ್ಮ ಮಗಳು ಟ್ಯೂಷನ್‌ಗೆ ಹೋಗುವ ಎಸಿ ಕೋಣೆಯ ಕಿಟಕಿಗಳನ್ನು ಮುಚ್ಚಿ ಮೊಳೆ ಹೊಡೆದಿದ್ದಾರೆ. ಮಳೆಗಾಲ ಶುರುವಾದಾಗಿನಿಂದ ಅವಳಿಗೆ ಒಂದೇ ಸಮನೆ ಸೀನು, ಒಣಕೆಮ್ಮು. ಭಾನುವಾರ ಪಾಲಕರ ಸಭೆಗೆ ಹೋದವಳು ಕುರ್ಚಿ ಹತ್ತಿ ಎಸಿ ಮುಚ್ಚಳ ಎತ್ತಿದೆ. ಜಾಲರಿಯ ಮೇಲೆ ಕಂಬಳಿ ಹೊದಿಸಿದಂತೆ ಧೂಳು. ಗಾಳಿ ಬರುವ ಬಾಯಲ್ಲಿ ಕಪ್ಪು ಬೂಷ್ಟು, ಬೆರಳಿಗೆ ಅಂಟುವಷ್ಟು. ಅದರಡಿ 30 ಮಕ್ಕಳು ದಿನವೂ 2 ಗಂಟೆ ಕೂರುತ್ತಾರೆ!

ಸಾಮಾನ್ಯ ಸ್ಪ್ಲಿಟ್ ಎಸಿ ಹೊರಗಿನ ಗಾಳಿ ತರುವುದಿಲ್ಲ, ಒಳಗಿನದನ್ನೇ ತಿರುಗಿಸಿ ತಂಪು ಮಾಡುತ್ತದೆ. ಜಾಲರಿಯನ್ನು ನಲ್ಲಿಯಡಿ ತೊಳೆದು ನೆರಳಲ್ಲಿ ಒಣಗಿಸುವುದು ಎಷ್ಟು ಹೊತ್ತಿನ ಕೆಲಸ? 15 ದಿನಕ್ಕೊಮ್ಮೆ ಮಾಡಲಿ. ಒಳಭಾಗವನ್ನು ಮಳೆಗಾಲಕ್ಕೆ ಮೊದಲೇ ಮೆಕ್ಯಾನಿಕ್ ಕರೆಸಿ ಶುಚಿ ಮಾಡಿಸಲಿ. ಕ್ಲಾಸಿನವರು, ದವಾಖಾನೆಯವರು ತೊಳೆದ ತಾರೀಖನ್ನು ಎಸಿ ಪಕ್ಕದಲ್ಲೇ ಅಂಟಿಸಲಿ. ಪಾಲಕರೇ, ಶುಲ್ಕ ಕಟ್ಟುವ ಮೊದಲು ದಯವಿಟ್ಟು ಒಮ್ಮೆ ತಲೆಯೆತ್ತಿ ನೋಡಿ.

– ಒಬ್ಬ ತಾಯಿ, ಡೊಂಬಿವಲಿ ಪೂರ್ವ