ನಾಲ್ಕು ಪತ್ರಿಕೆ ಕೊಂಡರೂ ವರದಿ ಒಂದೇ ಇರಬಹುದು

ಮಾನ್ಯ ಸಂಪಾದಕರೇ,

ವಿದೇಶದಲ್ಲಿ ಯುದ್ಧವೋ ಗಲಭೆಯೋ ಆದಾಗಲೆಲ್ಲ ‘ಒಂದನ್ನೇ ನಂಬಬೇಡಿ, ನಾಲ್ಕು ಕಡೆ ಹೋಲಿಸಿ ನೋಡಿ’ ಎಂಬ ಸಲಹೆ ಕೇಳಿಬರುತ್ತದೆ. ಸಲಹೆಯೇನೋ ಸರಿ. ಆದರೆ ಶಿವಮೊಗ್ಗದ ಬಸ್‌ ನಿಲ್ದಾಣದಲ್ಲಿ ನಾಲ್ಕು ಪತ್ರಿಕೆ ಕೊಂಡು ವಿದೇಶ ಪುಟ ತೆರೆದರೆ ನಾಲ್ಕರಲ್ಲೂ ಪಿಟಿಐ ಸುದ್ದಿಸಂಸ್ಥೆ ಕಳಿಸಿದ ಒಂದೇ ವರದಿ ಇರಬಹುದು. ಅಮೆರಿಕದ ಸುದ್ದಿಸಂಸ್ಥೆ ಎಪಿಯ ಸುದ್ದಿಯೂ ಪಿಟಿಐ ಮೂಲಕ ಬರುವುದುಂಟು. ಹಾಗಾಗಿ ಶೀರ್ಷಿಕೆಗಿಂತ ಮೊದಲು ವರದಿಯ ಆರಂಭದಲ್ಲಿ ಊರಿನ ಹೆಸರಿನ ಪಕ್ಕ, ಕಂಸದೊಳಗೆ ಏನಿದೆ ನೋಡಬೇಕು: ಪಿಟಿಐ, ಎಪಿ, ಎಎಫ್‌ಪಿ, ರಾಯಿಟರ್ಸ್. ಎರಡರಲ್ಲೂ ಒಂದೇ ಹೆಸರಿದ್ದರೆ ಹೋಲಿಕೆ ನಡೆಯುವುದು ಉಪಸಂಪಾದಕರ ಕನ್ನಡದ ನಡುವೆ ಅಷ್ಟೆ. ಊರಿನ ಹೆಸರೂ ಮುಖ್ಯ. ಗಾಜಾದ ಘಟನೆಯನ್ನು ಜೆರುಸಲೆಂನಿಂದ ಬರೆದವರಿಗೂ ಕೈರೊದಿಂದ ಬರೆದವರಿಗೂ ಮಾತಿಗೆ ಸಿಗುವ ಅಧಿಕಾರಿಗಳು ಬೇರೆ.

ಇನ್ನು ಸಮಯ. 2023ರ ಅಕ್ಟೋಬರ್ 17ರಂದು ಗಾಜಾ ನಗರದ ಅಲ್‌ ಅಹ್ಲಿ ಆಸ್ಪತ್ರೆಯ ಆವರಣದಲ್ಲಿ ಸ್ಫೋಟವಾದಾಗ ಅಲ್ಲಿ ಸಂಜೆ ಏಳು ಗಂಟೆ, ನಮ್ಮಲ್ಲಿ ರಾತ್ರಿ ಒಂಬತ್ತೂವರೆ. ಪತ್ರಿಕೆಗಳ ಪುಟ ಕಟ್ಟುವ ಹೊತ್ತು. ಆಗ ಸಿಕ್ಕಿದ್ದು ಗಾಜಾ ಆರೋಗ್ಯ ಸಚಿವಾಲಯದ ಹೇಳಿಕೆ: ಇದು ಇಸ್ರೇಲ್ ದಾಳಿ, ಸತ್ತವರು 500. ನ್ಯೂಯಾರ್ಕ್ ಟೈಮ್ಸ್ ಜಾಲತಾಣ ಮೊದಲು ಇಸ್ರೇಲ್ ದಾಳಿಗೆ ನೂರಾರು ಬಲಿ ಎಂದೇ ಶೀರ್ಷಿಕೆ ಕೊಟ್ಟು, ಪ್ಯಾಲೆಸ್ಟೀನಿಯರು ಹೀಗೆ ಹೇಳಿದ್ದಾರೆ ಎಂಬ ಬಾಲ ಸೇರಿಸಿತ್ತು. ಸ್ವಲ್ಪ ಹೊತ್ತಿನಲ್ಲೇ ಇಸ್ರೇಲ್ ಹೆಸರು ಮಾಯವಾಯಿತು, ಆಮೇಲೆ ‘ದಾಳಿ’ ಹೋಗಿ ‘ಸ್ಫೋಟ’ ಬಂತು. ಗಾಜಾವನ್ನು ಆಳುತ್ತಿದ್ದ ಹಮಾಸ್‌ನ ಹೇಳಿಕೆಯನ್ನೇ ಅತಿಯಾಗಿ ನೆಚ್ಚಿಕೊಂಡದ್ದಾಗಿ ಅ. 23ರಂದು ಸಂಪಾದಕರ ಟಿಪ್ಪಣಿಯೂ ಪ್ರಕಟವಾಯಿತು. ಜಾಲತಾಣ ಮೂರು ಸಲ ಮಾತು ಬದಲಿಸಬಲ್ಲದು, ಅಚ್ಚಾದ ಹಾಳೆಗೆ ಆ ಅವಕಾಶವಿಲ್ಲ. ಬೆಳಗಿನ ಪತ್ರಿಕೆಯನ್ನು ಮಧ್ಯಾಹ್ನದ ಜಾಲತಾಣದ ಪಕ್ಕ ಇಟ್ಟು ‘ಇವರು ಸುಳ್ಳು ಬರೆದರು’ ಎನ್ನುವುದು ನ್ಯಾಯವಲ್ಲ.

ಸಾವಿನ ಸಂಖ್ಯೆಯನ್ನು ಅದನ್ನು ಕೊಟ್ಟವರ ಹೆಸರಿನ ಜೊತೆಗೇ ಓದಬೇಕು. ಅದೇ ಸಚಿವಾಲಯ ಆಮೇಲೆ 471 ಎಂದಿತು. ಅಮೆರಿಕದ ಗುಪ್ತಚರ ಅಂದಾಜು 100ರಿಂದ 300. ಕನ್ನಡದಲ್ಲಿ ಇದಕ್ಕೊಂದು ತೊಡಕಿದೆ. ‘ಎಂದು ಸಚಿವಾಲಯ ತಿಳಿಸಿದೆ’ ಎಂಬುದು ವಾಕ್ಯದ ಕೊನೆಗೆ ಬರುತ್ತದೆ. ಜಾಗ ಸಾಲದಾದಾಗ ಮೊದಲು ಕತ್ತರಿ ಬೀಳುವುದು ಅದಕ್ಕೇ. ಶೀರ್ಷಿಕೆಯಲ್ಲಂತೂ ಅದಕ್ಕೆ ಜಾಗವೇ ಇರುವುದಿಲ್ಲ. ಯಾರೋ ಹೇಳಿದ್ದು ಅಲ್ಲಿಗೆ ನಡೆದದ್ದೇ ಆಗಿಬಿಡುತ್ತದೆ.

ನಿಜವಾದ ಹೋಲಿಕೆಗೆ ಸರಕು ಸಿಗುವುದು ಕೆಲವು ದಿನ ಕಳೆದ ಮೇಲೆ. ಅಲ್‌ ಜಜೀರಾ ವಾಹಿನಿಯ ನೇರಪ್ರಸಾರದ ದೃಶ್ಯವನ್ನು ಇಟ್ಟುಕೊಂಡು ಎಪಿ ಅ. 21ರಂದು, ಗಾಜಾ ಕಡೆಯಿಂದಲೇ ಹಾರಿದ ರಾಕೆಟ್ ಒಡೆದು ಬಿದ್ದಿರುವ ಸಂಭವವೇ ಹೆಚ್ಚು ಎಂದಿತು. ಮೂರು ದಿನ ಬಿಟ್ಟು ನ್ಯೂಯಾರ್ಕ್ ಟೈಮ್ಸ್ ಅದೇ ದೃಶ್ಯ ನೋಡಿ, ಅದರಲ್ಲಿ ಕಾಣುವ ವಸ್ತು ಇಸ್ರೇಲ್ ಕಡೆಯಿಂದ ಹಾರಿದ್ದು, ಸಿಡಿದದ್ದು ಆಸ್ಪತ್ರೆಯಿಂದ ಸುಮಾರು ಎರಡು ಮೈಲಿ ಆಚೆ, ಹಾಗಾಗಿ ಆಸ್ಪತ್ರೆಯ ಸ್ಫೋಟಕ್ಕೂ ಅದಕ್ಕೂ ಸಂಬಂಧವಿರಲಾರದು ಎಂದಿತು. ಸ್ಫೋಟಕ್ಕೆ ಕಾರಣ ಯಾರೆಂದು ಮಾತ್ರ ಅದು ತೀರ್ಪು ಕೊಡಲಿಲ್ಲ. ಇಂಥ ಎರಡನೇ ಸುತ್ತಿನ ವರದಿಗಳು ನಮ್ಮ ಪತ್ರಿಕೆಗಳಿಗೆ ಬರುವುದೇ ಅಪರೂಪ. ಬಂದರೂ ಒಳಪುಟದ ಒಂದು ಕಾಲಂ.

ಯುದ್ಧ ದೂರದ್ದಾಯಿತು, ಅಡಿಕೆ ನಮ್ಮ ಮನೆಯದೇ. 2024ರ ಅಕ್ಟೋಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವಾದ ಐಎಆರ್‌ಸಿಯ ಅಧ್ಯಯನ ಲ್ಯಾನ್ಸೆಟ್ ಆಂಕಾಲಜಿ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. 2022ರಲ್ಲಿ ಜಗತ್ತಿನಾದ್ಯಂತ ಹೊಸದಾಗಿ ಪತ್ತೆಯಾದ 3,89,800 ಬಾಯಿ ಕ್ಯಾನ್ಸರ್‌ಗಳಲ್ಲಿ 1,20,200ಕ್ಕೆ ಹೊಗೆರಹಿತ ತಂಬಾಕು ಅಥವಾ ಅಡಿಕೆ ಕಾರಣ ಎಂದು ಅದರ ಅಂದಾಜು. ಇದನ್ನು ‘ಅಡಿಕೆಯಿಂದ ಕ್ಯಾನ್ಸರ್’ ಎಂದು ಬರೆದವರು ತಂಬಾಕನ್ನು ನುಂಗಿದರು, ‘ಗುಟ್ಕಾದಿಂದ’ ಎಂದು ಬರೆದವರು ಅಡಿಕೆಯನ್ನು ಬಚ್ಚಿಟ್ಟರು. ಭಾರತದ ಇಂಥ ಪ್ರಕರಣಗಳಲ್ಲಿ ಅಡಿಕೆಯೊಂದರದೇ ಪಾಲು ಮಹಿಳೆಯರಲ್ಲಿ ಶೇ 30, ಪುರುಷರಲ್ಲಿ ಶೇ 5. ಯಾವ ಅಂಕಿಯನ್ನು ಮೇಲೆ ತಂದರೂ ಅದು ಸುಳ್ಳಲ್ಲ, ಒಂದನ್ನೇ ತಂದರೆ ಪೂರ್ತಿ ನಿಜವೂ ಅಲ್ಲ. ತೀರ್ಥಹಳ್ಳಿ, ಸಾಗರದ ಓದುಗರಿಗೆ ಬೇಸರವಾದೀತೆಂದು ಬೆಳೆಗಾರರ ಪ್ರತಿಕ್ರಿಯೆಯನ್ನಷ್ಟೇ ಹಾಕಿ ಮೂಲ ಅಂಕಿಗಳನ್ನು ಕೈಬಿಡುವುದೂ ಪಕ್ಷಪಾತವೇ.

ವಿದೇಶ ಪುಟದ ಪ್ರತಿ ವರದಿಗೂ ಸುದ್ದಿಸಂಸ್ಥೆಯ ಹೆಸರು, ಪುಟದ ಅಡಿಯಲ್ಲಿ ಅದು ಅಚ್ಚಿಗೆ ಹೋದ ಸಮಯ, ಸಂಖ್ಯೆ ಅಥವಾ ಆರೋಪ ಬದಲಾದರೆ ಮೊದಲ ಸುದ್ದಿ ಬಂದ ಪುಟದಲ್ಲೇ ತಿದ್ದುಪಡಿ – ಇಷ್ಟನ್ನು ದಯವಿಟ್ಟು ಕೊಡಿ. ಹೆಚ್ಚೆಂದರೆ ಮೂರು ಸಾಲಿನ ಜಾಗ ಸಾಕು.

– ಒಬ್ಬ ಓದುಗ, ತೀರ್ಥಹಳ್ಳಿ