ಹಿಂಬದಿಯ ಸೀಟು ತೆಗೆಯುವ ಕೆಲಸದಲ್ಲಿ ಬದಲಾವಣೆ: ಗ್ರಾಹಕರಿಗೆ ಪತ್ರ

ಕಲಬುರಗಿ

ಮಾನ್ಯ ಗ್ರಾಹಕರೇ,

ತೊಗರಿ ರಾಶಿಯ ದಿನಗಳು ಸಮೀಪಿಸಿದಂತೆ ಬೊಲೆರೊ, ಥಾರ್, ಜಿಪ್ಸಿಗಳ ಹಿಂಬದಿಯ ಸೀಟು ತೆಗೆಸಿ, ಹೊಲದ ಸಾಮಾನಿಗೆ ಜಾಗ ಮಾಡಿಸಿಕೊಳ್ಳಲು ತಮ್ಮಲ್ಲಿ ಅನೇಕರು ನಮ್ಮ ಕಾರ್ಯಾಗಾರಕ್ಕೆ ಬರುತ್ತೀರಿ. ಬರುವ ತಿಂಗಳ 1ನೇ ತಾರೀಖಿನಿಂದ ಈ ಕೆಲಸದ ರೀತಿಯನ್ನು ಬದಲಿಸುತ್ತಿದ್ದೇವೆ. ಇನ್ನು ಮುಂದೆ ವಾಹನದ ತಳದ ತಗಡಿಗೆ ಹೊಸ ರಂಧ್ರ ಕೊರೆಯುವುದಿಲ್ಲ. ಸೀಟು ಕೂತಿದ್ದ ರಂಧ್ರಗಳಲ್ಲೇ, ಅದರದೇ ಬೋಲ್ಟುಗಳಿಂದ, ಹಲಗೆಯನ್ನೂ ಹಗ್ಗ ಬಿಗಿಯುವ ಕೊಂಡಿಗಳನ್ನೂ ಕೂರಿಸುತ್ತೇವೆ.

ಕಳೆದ ಮಳೆಗಾಲ ಮುಗಿದ ಮೇಲೆ ಚಿಂಚೋಳಿ ಕಡೆಯ ಗ್ರಾಹಕರೊಬ್ಬರು ಸೀಟು ಮರಳಿ ಕೂರಿಸಲು ವಾಹನ ತಂದಿದ್ದರು. ರಬ್ಬರ್ ಮ್ಯಾಟ್ ಎತ್ತಿದಾಗ, ಮೂರು ವರ್ಷದ ಹಿಂದೆ ನಾವೇ ಕೊರೆದಿದ್ದ ರಂಧ್ರದ ಸುತ್ತ ಬಣ್ಣ ಹಕ್ಕಳೆಯಾಗಿ ಎದ್ದಿತ್ತು. ಒದ್ದೆಯಾದ ಎರೆಮಣ್ಣಿನಡಿಯಲ್ಲಿ ತಗಡು ಬೆರಳಿನ ಒತ್ತಿಗೇ ಪುಡಿಯಾಗುತ್ತಿತ್ತು. ಅದು ನಮ್ಮ ಕೆಲಸದ ದೋಷ. ದುರಸ್ತಿಯನ್ನು ನಮ್ಮ ಖರ್ಚಿನಲ್ಲೇ ಮಾಡಿಕೊಟ್ಟೆವು, ಆದರೆ ಬೆಸುಗೆ ಹಾಕಿದ ತಗಡು ಕಂಪನಿಯಿಂದ ಬಂದ ತಗಡಿನಂತಾಗುವುದಿಲ್ಲ.

ಹಳೆಯ ಬೋಲ್ಟನ್ನೇ ಬಳಸುವುದು ಉಳಿತಾಯಕ್ಕಾಗಿ ಎಂದು ದಯವಿಟ್ಟು ಭಾವಿಸಬಾರದು. ಸೀಟಿನ ಬೋಲ್ಟಿನ ತಲೆಯ ಮೇಲೆ 8.8 ಅಥವಾ 10.9 ಎಂಬ ಗುರುತು ಇದ್ದರೆ ಅದು ಗಟ್ಟಿ ಉಕ್ಕಿನದು. ಗುರುತಿಲ್ಲದ ಸಾದಾ ಬೋಲ್ಟು ಅದರಷ್ಟೇ ಭಾರ ತಡೆಯುತ್ತದೆಂಬ ಖಾತ್ರಿಯಿಲ್ಲ. ಅನೇಕ ವಾಹನಗಳಲ್ಲಿ ಸೀಟ್ ಬೆಲ್ಟಿನ ಬೋಲ್ಟು ಮಿಲಿಮೀಟರ್ ಅಳತೆಯದಲ್ಲ, 7/16 ಇಂಚಿನದು, ಇಂಚಿಗೆ 20 ಹಲ್ಲು. ಅಲ್ಲಿ 10 ಮಿ.ಮೀ. ಬೋಲ್ಟಿಗೆ ಹಿಡಿತ ಸಿಗುವುದಿಲ್ಲ, 12 ಮಿ.ಮೀ. ಬೋಲ್ಟನ್ನು ಒತ್ತಿ ತಿರುಗಿಸಿದರೆ ಹಲ್ಲೇ ಹಾಳಾಗುತ್ತದೆ. ಆದ್ದರಿಂದ ಬೆಲ್ಟ್ ತೆಗೆದ ಮೇಲೆ, ಧೂಳು ಸೇರದಂತೆ, ಅದೇ ಬೋಲ್ಟನ್ನು ಅದೇ ರಂಧ್ರಕ್ಕೆ ತಿರುಗಿಸಿ ಬಿಡುತ್ತೇವೆ.

ಎಲ್ಲವನ್ನೂ ಮರುಬಳಸಲಾಗದು. ಒಳಗೆ ನೈಲಾನ್ ಉಂಗುರವಿರುವ ನಟ್ಟು ಒಮ್ಮೆ ಬಿಚ್ಚಿದರೆ ಮೊದಲಿನ ಹಿಡಿತ ಉಳಿಸಿಕೊಳ್ಳುವುದಿಲ್ಲ. ನಮ್ಮ ಬಿಸಿಲಿಗೆ ಒಣಗಿದ ಪ್ಲಾಸ್ಟಿಕ್ ಕ್ಲಿಪ್ಪುಗಳು ಬಿಚ್ಚುವಾಗಲೇ ಮುರಿಯುತ್ತವೆ. ಇವೆರಡನ್ನು ಹೊಸದಾಗಿ ಹಾಕುತ್ತೇವೆ. ಉಳಿದದ್ದನ್ನು ಎಡ, ಬಲ, ಮುಂದೆ, ಹಿಂದೆ ಎಂದು ಚೀಟಿ ಬರೆದ ಚೀಲಗಳಲ್ಲಿಟ್ಟು, ಸೀಟು ಮತ್ತು ಬೆಲ್ಟುಗಳೊಂದಿಗೆ ತಮಗೇ ಒಪ್ಪಿಸುತ್ತೇವೆ.

ಇನ್ನೊಂದು ವಿನಂತಿ. ಕೆಲಸಕ್ಕೆ ಬರುವಾಗ ಆರ್‌ಸಿ ತರಬೇಕು. ಆಸನಗಳ ಸಂಖ್ಯೆ ಅದರಲ್ಲಿ ದಾಖಲಾಗಿರುತ್ತದೆ, ಮತ್ತು ದಾಖಲೆಯ ವಿವರಕ್ಕೆ ಹೊಂದದಂತೆ ವಾಹನವನ್ನು ಮಾರ್ಪಡಿಸುವುದನ್ನು ಮೋಟಾರು ವಾಹನ ಕಾಯ್ದೆ, 1988ರ 52ನೇ ಕಲಂ ನಿರ್ಬಂಧಿಸುತ್ತದೆ. ಸೀಟನ್ನು ಕಾಯಮಾಗಿ ತೆಗೆಸಬೇಕೆನ್ನುವವರು ಮೊದಲು ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ ಬರಬೇಕು. ಅನುಮತಿಯಿಲ್ಲದೆ ಅಂಥ ಕೆಲಸವನ್ನು, ಎಷ್ಟೇ ಹಳೆಯ ಗ್ರಾಹಕರಾದರೂ, ಒಪ್ಪಿಕೊಳ್ಳಲಾರೆವು. ಸೀಟಿಲ್ಲದ ಜಾಗದಲ್ಲಿ ಕೂಲಿಯಾಳುಗಳನ್ನೂ ಮಕ್ಕಳನ್ನೂ ಕೂರಿಸಬೇಡಿರೆಂದು ಕೈಮುಗಿದು ಕೇಳುತ್ತೇವೆ.

ಅರ್ಧ ದಿನದ ಕೆಲಸಕ್ಕೆ ಇನ್ನು ಒಂದು ದಿನ ಹಿಡಿಯುತ್ತದೆ, ಕೂಲಿಯೂ ₹400 ಹೆಚ್ಚಾಗುತ್ತದೆ. ಈ ಹಿಂದೆ ನಮ್ಮಲ್ಲಿ ರಂಧ್ರ ಕೊರೆಸಿಕೊಂಡವರು ವಾಹನ ತಂದರೆ ತಗಡು ಪರೀಕ್ಷಿಸಿ, ತುಕ್ಕು ಉಜ್ಜಿ, ಬಣ್ಣ ಬಳಿದು, ರಬ್ಬರ್ ಬಿರಡೆ ಹಾಕಿಕೊಡುತ್ತೇವೆ. ಇದಕ್ಕೆ ಹಣ ಪಡೆಯುವುದಿಲ್ಲ.

ಇತಿ ತಮ್ಮ ವಿಶ್ವಾಸಿ,
ವ್ಯವಸ್ಥಾಪಕರು